ಪ್ರೀತಿಯಿಂದ ಕೊಟ್ಟ ಮಾತು ಯಾಕೆ ತಪ್ಪುತ್ತದೆ?

'ಶುಕ್ರವಾರದೊಳಗೆ ಮುಗಿಸಿ ಕೊಡ್ತೀನಿ' ಅನ್ನುವಾಗ ನಾವು ಸುಳ್ಳು ಹೇಳುತ್ತಿರುವುದಿಲ್ಲ. ಆ ಹೊತ್ತಿಗೆ ನಮಗೆ ಪೂರ್ತಿ ನಂಬಿಕೆ ಇರುತ್ತದೆ. ತಪ್ಪುವುದು ಲೆಕ್ಕ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದಕ್ಕೆ 'ಪ್ಲಾನಿಂಗ್ ಫ್ಯಾಲಸಿ', ಅಂದರೆ ಕೆಲಸಕ್ಕೆ ಹಿಡಿಯುವ ಹೊತ್ತನ್ನು ಕಡಿಮೆ ಅಂದಾಜು ಮಾಡುವ ತಪ್ಪು, ಎಂದು ಹೆಸರಿಟ್ಟರು.

ಈ ತಪ್ಪು ಎಷ್ಟು ದೊಡ್ಡದು ಅಂತ ಗೊತ್ತಾಗಿದ್ದು ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬ್ಯೂಲರ್ ಮತ್ತು ಸಂಗಡಿಗರ 1994ರ ಅಧ್ಯಯನದಿಂದ. ಪ್ರಬಂಧ ಬರೆಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳನ್ನು 'ಯಾವಾಗ ಮುಗಿಸ್ತೀರಿ?' ಎಂದು ಕೇಳಿದರು. ಸರಾಸರಿ 34 ದಿನ ಅಂದರು. ಎಲ್ಲವೂ ಕೈಕೊಟ್ಟರೆ? ಸುಮಾರು 49 ದಿನ. ನಿಜವಾಗಿ ಹಿಡಿದದ್ದು 55 ದಿನ! ಹೆದರಿ ಹೇಳಿದ ಲೆಕ್ಕವೂ ಸಾಲಲಿಲ್ಲ. ಹೇಳಿದ ಹೊತ್ತಿಗೆ ಮುಗಿಸಿದವರು ಮೂವರಲ್ಲಿ ಒಬ್ಬರಿಗಿಂತ ಕಡಿಮೆ.

ಮಾತು ಕೊಡುವಾಗ ನಾವು ಮುಂದಿನ ಹೆಜ್ಜೆಗಳನ್ನಷ್ಟೇ ನೋಡುತ್ತೇವೆ. ಮೊದಲು ಇದು, ಆಮೇಲೆ ಅದು, ಆಯ್ತು. ಹೋದ ಸಲ ಜ್ವರ ಬಂದದ್ದು, ಮನೆಗೆ ನೆಂಟರು ಬಂದದ್ದು ಲೆಕ್ಕಕ್ಕೆ ಬರುವುದೇ ಇಲ್ಲ. ಅದೇನೋ ಆ ಸಲ ಹಾಗಾಯ್ತು, ಈ ಸಲ ಆಗಲ್ಲ ಅಂದುಕೊಳ್ಳುತ್ತೇವೆ. ವಿಶೇಷ ಏನೆಂದರೆ, ಬೇರೆಯವರ ಕೆಲಸದ ಬಗ್ಗೆ ಕೇಳಿದರೆ ನಮಗೆ ಈ ಭ್ರಮೆ ಇರುವುದಿಲ್ಲ. ಅವರಿಗೆ ತಡವಾಗುತ್ತದೆ ಎಂದೇ ಊಹಿಸುತ್ತೇವೆ.

ಇನ್ನೊಂದು ಕಾರಣ ನನಗೆ ತುಂಬ ಮುಖ್ಯ ಅನಿಸುತ್ತದೆ. 2011ರಲ್ಲಿ ಯೋಹಾನ ಪೀಟ್ಜ್ ಮತ್ತು ಲಾರಾ ಕ್ಯಾಮ್ರಾತ್ ಎಂಬ ಮನಶ್ಶಾಸ್ತ್ರಜ್ಞರು ಪ್ರೇಮಿಗಳು ಒಬ್ಬರಿಗೊಬ್ಬರು ಕೊಟ್ಟ ಮಾತುಗಳನ್ನು ಗಮನಿಸಿದರು. ಸಂಗಾತಿಯ ಮೇಲೆ ಪ್ರೀತಿ ಹೆಚ್ಚಿದ್ದವರು ದೊಡ್ಡ ದೊಡ್ಡ ಮಾತು ಕೊಟ್ಟರು. ಆದರೆ ಉಳಿಸಿಕೊಳ್ಳುವುದರಲ್ಲಿ ಅವರು ಮುಂದಿರಲಿಲ್ಲ. ಮಾತು ಕೊಡಿಸುವುದು ಪ್ರೀತಿ, ನಡೆಸುವುದು ಶಿಸ್ತು. ನಮ್ಮಲ್ಲೂ ಅಷ್ಟೇ ಅಲ್ವಾ? ಬೇಕಾದವರು ಕೇಳಿದಾಗ 'ಆಗಲ್ಲ' ಅನ್ನಲು ಬಾಯಿ ಬರುವುದಿಲ್ಲ. 'ಆಯ್ತು, ಮಾಡೋಣ ಬಿಡಿ' ಅಂದುಬಿಡುತ್ತೇವೆ.

ಇದಕ್ಕೆ ದಾರಿ ಇದೆ. ಬ್ಯೂಲರ್ ತಂಡವೇ ಅದನ್ನೂ ತೋರಿಸಿತು. ಹಿಂದಿನ ಇಂಥದ್ದೇ ಕೆಲಸಗಳಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ನೆನಪಿಸಿ, ಅದನ್ನು ಈಗಿನ ಕೆಲಸಕ್ಕೆ ಜೋಡಿಸಿ ಯೋಚಿಸಲು ಹೇಳಿದಾಗ ಜನರ ಊಹೆ ನಿಜಕ್ಕೆ ಹತ್ತಿರ ಬಂತು. ಸುಮ್ನೆ ನೆನಪಿಸಿಕೊಂಡರೆ ಸಾಲದು, ಜೋಡಿಸಬೇಕು. ಹೋದ ವರದಿಗೆ ಎಂಟು ದಿನ ಬೇಕಾಗಿದ್ದರೆ, ಈ ವರದಿಗೂ ಎಂಟು ದಿನ ಅಂತಲೇ ಹೇಳಿ.

ಹಾಗೆ ಹೆಚ್ಚು ದಿನ ಕೇಳಿದರೆ ಎದುರಿನವರು ಬೇಸರ ಮಾಡಿಕೊಳ್ಳುತ್ತಾರೆ ಎಂಬ ಅಳುಕು ಸಹಜ. ಅಯೆಲೆಟ್ ನೀಜಿ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2014ರಲ್ಲಿ ಕಂಡುಕೊಂಡದ್ದು ಇಲ್ಲಿ ಧೈರ್ಯ ಕೊಡುತ್ತದೆ. ಹೇಳಿದ್ದಕ್ಕಿಂತ ಜಾಸ್ತಿ ಮಾಡಿಕೊಟ್ಟವರಿಗೆ, ಹೇಳಿದಷ್ಟೇ ಮಾಡಿದವರಿಗಿಂತ ಹೆಚ್ಚಿನ ಮೆಚ್ಚುಗೆಯೇನೂ ಸಿಗಲಿಲ್ಲ. ಮಾತು ತಪ್ಪಿದವರ ಬಗ್ಗೆ ಮಾತ್ರ ಜನರಿಗೆ ಬೇಸರವಾಯಿತು. ಹಾಗಾಗಿ ಎಂಟು ದಿನ ಕೇಳಿ ಎಂಟನೇ ದಿನ ಕೊಡುವುದು, ನಾಲ್ಕು ದಿನ ಅಂದು ಮಾತು ತಪ್ಪುವುದಕ್ಕಿಂತ ಮೇಲು.