ಮರಳುಗಲ್ಲಿನ ಕಮರಿ: ಆಳ ನದಿಯದು, ಅಗಲ ಯಾರದು?

ಭೂಗೋಳದ ಉತ್ತರಪತ್ರಿಕೆಗಳಲ್ಲಿ ‘ನದಿಯು ಕಮರಿಯನ್ನು ಕೊರೆಯುತ್ತದೆ’ ಎಂಬ ಒಂದೇ ಸಾಲು ಬರೆದು ಮುಂದೆ ಹೋಗುವವರೇ ಹೆಚ್ಚು. ನದಿ ಕೊರೆಯುವುದು ಮುಖ್ಯವಾಗಿ ತಳವನ್ನು. ಕಮರಿ ಅಗಲವಾಗುವ ಬಗೆ ತಿಳಿಯಲು ಅಮೆರಿಕದ ಯೂಟಾ ರಾಜ್ಯದ ಝಯಾನ್ ಕಮರಿಯಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಕಲ್ಲು. ಝಯಾನ್‌ನ ಎತ್ತರದ ಗೋಡೆಗಳು ನವಾಹೊ ಮರಳುಗಲ್ಲಿನವು. ಜುರಾಸಿಕ್ ಕಾಲದ ಮರುಭೂಮಿಯ ಮರಳುದಿಬ್ಬಗಳೇ ಗಟ್ಟಿಯಾಗಿ ಈ ಕಲ್ಲಾಗಿವೆ. ದಪ್ಪ ಸುಮಾರು 600 ಮೀಟರ್. ಗೋಡೆಯ ಮೇಲಿನ ದೊಡ್ಡ ಓರೆ ಗೆರೆಗಳು ಗಾಳಿ ಮರಳನ್ನು ಸುರಿದ ದಿಬ್ಬಗಳ ಇಳಿಜಾರು. ಬಾದಾಮಿಯ ಗುಹಾಲಯಗಳ ಬಂಡೆಗಳಲ್ಲೂ ಓರೆ ಪದರಗಳು ಕಾಣುತ್ತವೆ, ಆದರೆ ಅವು ನದಿಗಳು ತಂದು ಹಾಕಿದ ಮರಳಿನವು, ವಯಸ್ಸಿನಲ್ಲಿಯೂ ಬಹಳ ಹಿರಿಯವು. ನಡುನಡುವೆ ಬೆಣಚುಕಲ್ಲಿನ ಹರಳುಗಳು ಸಿಕ್ಕರೆ ಅದು ನೀರಿನ ಕೆಲಸವೆಂದು ತಿಳಿಯಿರಿ. ಅಂಥ ಹರಳುಗಳನ್ನು ಹೊತ್ತೊಯ್ಯುವ ಶಕ್ತಿ ಗಾಳಿಗಿಲ್ಲ. ಎರಡೂ ಕಡೆ ಕೆಂಪು ಬಣ್ಣ ಕೊಟ್ಟದ್ದು ಕಬ್ಬಿಣದ ಆಕ್ಸೈಡ್.

ಈಗ ಅಗಲದ ಪ್ರಶ್ನೆ. ನವಾಹೊ ಮರಳುಗಲ್ಲಿನ ಕೆಳಗೆ ಕಯೆಂಟಾ ಎಂಬ ಮೆದು ಪದರಗಳಿವೆ. ಮಳೆನೀರು ಮರಳುಗಲ್ಲಿನೊಳಗೆ ನಿಧಾನವಾಗಿ ಇಳಿದು, ಈ ಪದರ ದಾಟಲಾಗದೆ ಗೋಡೆಯ ಬುಡದಲ್ಲಿ ಜಿನುಗುತ್ತದೆ. ಸುತ್ತ ಒಣ ನೆಲವಿದ್ದರೂ ಅಲ್ಲಿ ಜರಿಗಿಡಗಳು ಜೋತಾಡುವುದು ಇದರಿಂದಲೇ. ಜಿನುಗುವ ನೀರೂ ಕಮರಿಯ ತಳದಲ್ಲಿ ಹರಿಯುವ ವರ್ಜಿನ್ ನದಿಯೂ ಮೆದು ಪದರವನ್ನು ತಿನ್ನುತ್ತಾ ಹೋದಂತೆ ಮೇಲಿನ ಬಂಡೆಗೆ ಆಸರೆ ತಪ್ಪುತ್ತದೆ. ಬಿರುಕಿನ ಉದ್ದಕ್ಕೂ ಸೀಳಿಕೊಂಡು ಅದು ಉರುಳುತ್ತದೆ. ಗೋಡೆ ಹಿಂದೆ ಸರಿಯುತ್ತದೆ, ಆದರೂ ನೆಟ್ಟಗೇ ಉಳಿಯುತ್ತದೆ. ಬಿದ್ದ ಕಲ್ಲುಗಳನ್ನು ಸಾಗಿಸುವುದು ದಿಢೀರ್ ಪ್ರವಾಹಗಳು: ಬರಿಯ ಬಂಡೆಯ ಮೇಲೆ ಜೋರಾಗಿ ಸುರಿದ ಮಳೆ ಇಂಗಲು ಹೊತ್ತಿಲ್ಲದೆ ಒಮ್ಮೆಲೇ ನದಿಗೆ ನುಗ್ಗುತ್ತದೆ.

ಇದಕ್ಕೆ ಸಾಕ್ಷಿ ಅದೇ ನದಿಯ ಮೇಲ್ಭಾಗದಲ್ಲಿದೆ. ‘ನ್ಯಾರೋಸ್’ ಎಂಬಲ್ಲಿ ನದಿ ಇನ್ನೂ ಕಯೆಂಟಾ ಪದರವನ್ನು ಮುಟ್ಟಿಲ್ಲ, ಮರಳುಗಲ್ಲನ್ನೇ ಕೊರೆಯುತ್ತಿದೆ. ಹಾಗಾಗಿ ಕೆಲವೆಡೆ ಗೋಡೆಗಳ ನಡುವಿನ ಅಂತರ ಏಳೆಂಟು ಮೀಟರಿಗಿಂತ ಹೆಚ್ಚಿಲ್ಲ.

ಉತ್ತರಪತ್ರಿಕೆಯಲ್ಲಿ ಕಮರಿಯ ಚಿತ್ರ ಬರೆಯುವಾಗ ಮರಳುಗಲ್ಲಿಗೆ ನೆಟ್ಟಗಿನ ಗೆರೆ, ಕಯೆಂಟಾ ಪದರಕ್ಕೆ ಇಳಿಜಾರು ಹಾಕಿ, ನೀರು ಜಿನುಗುವ ಸಂಧಿಯನ್ನು ಬಾಣದಿಂದ ತೋರಿಸಿ. ನ್ಯಾರೋಸ್ ಕೇಳಿದರೆ ಆ ಇಳಿಜಾರನ್ನು ಬಿಟ್ಟುಬಿಡಿ.