ಆಕ್ಸ್‌ಫರ್ಡ್ ಕಾಲೇಜಿನ ಪೋರ್ಟರ್ ಅಂದರೆ ಯಾರು?

ಓದುಗರ ಪ್ರಶ್ನೆ: ಮಗಳಿಗೆ ಆಕ್ಸ್‌ಫರ್ಡಿನ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಬಂದ ತಕ್ಷಣ ಪೋರ್ಟರ್ಸ್ ಲಾಡ್ಜ್‌ಗೆ ಹೋಗಿ ಕೀ ತೆಗೆದುಕೊಳ್ಳಬೇಕು ಅಂತ ಪತ್ರ ಬಂದಿದೆ. ನಮಗೆ ಗೊತ್ತಿರುವ ಪೋರ್ಟರ್ ಅಂದರೆ ರೈಲ್ವೆ ಸ್ಟೇಷನ್ನಿನ ಹಮಾಲರು. ಕಾಲೇಜಿನಲ್ಲಿ ಇವರಿಗೇನು ಕೆಲಸ?

ಉತ್ತರ: ಇವರು ಸಾಮಾನು ಹೊರುವವರಲ್ಲ, ಹೆಬ್ಬಾಗಿಲು ನೋಡಿಕೊಳ್ಳುವವರು. ಲಾಡ್ಜ್ ಅಂದರೆ ಆ ಬಾಗಿಲ ಪಕ್ಕದಲ್ಲಿರುವ ಅವರ ಕೋಣೆ. ಹಾಗಂತ ಬರೀ ವಾಚ್‌ಮನ್ ಅಂದುಕೊಳ್ಳಬೇಡಿ. ನಮ್ಮ ಕಾಲೇಜುಗಳಲ್ಲಿ ವಾಚ್‌ಮನ್, ಅಟೆಂಡರ್, ಟಪಾಲು ಗುಮಾಸ್ತ, ಹಾಸ್ಟೆಲ್ ವಾರ್ಡನ್ ಅಂತ ಹಂಚಿಹೋಗಿರುವ ಕೆಲಸದ ದೊಡ್ಡ ಪಾಲು ಅಲ್ಲಿ ಆ ಒಂದು ಕೋಣೆಯಿಂದಲೇ ನಡೆಯುತ್ತದೆ. ನಿಮ್ಮ ಮಗಳಿಗೆ ಪಾಠ ಹೇಳುವ ಮೇಷ್ಟ್ರು ವಾರಕ್ಕೆ ಒಂದೋ ಎರಡೋ ಸಲ ಸಿಗಬಹುದು. ಪೋರ್ಟರ್ ದಿನಾ ಸಿಗುತ್ತಾರೆ.

ಇದು ಅರ್ಥವಾಗಬೇಕಾದರೆ ಅಲ್ಲಿನ ಕಾಲೇಜು ಹೇಗಿದೆ ಅಂತ ತಿಳಿದಿರಬೇಕು. ಪರೀಕ್ಷೆ ನಡೆಸುವುದು, ಡಿಗ್ರಿ ಕೊಡುವುದು ಯೂನಿವರ್ಸಿಟಿ. ಕಾಲೇಜುಗಳು ತಮ್ಮದೇ ಆಸ್ತಿ, ತಮ್ಮದೇ ಆಡಳಿತ ಇರುವ ಬೇರೆ ಬೇರೆ ಸಂಸ್ಥೆಗಳು. ಹಾಸಿಗೆ, ಊಟದ ಹಾಲ್, ಲೈಬ್ರರಿ, ಪ್ರಾರ್ಥನಾ ಮಂದಿರ ಎಲ್ಲ ಒಂದೇ ಗೋಡೆಯೊಳಗೆ. ಮಧ್ಯದಲ್ಲಿ ಚೌಕನೆಯ ಅಂಗಳ, ಒಳಗೆ ಹೋಗಲು ಒಂದು ದೊಡ್ಡ ಬಾಗಿಲು. ಆ ಬಾಗಿಲಲ್ಲೇ ಕೊರೆದ ಸಣ್ಣ ದಿಡ್ಡಿ ಬಾಗಿಲು. ನಮ್ಮ ಹಳೆಯ ಕೋಟೆ ಬಾಗಿಲುಗಳನ್ನು ನೋಡಿದವರಿಗೆ ಇದು ಹೊಸದೇನಲ್ಲ.

ಕೋಟೆಯಂಥ ಬಾಗಿಲು ಯಾಕೆ ಬೇಕಾಯಿತು? ಊರಿನವರಿಗೂ ವಿದ್ಯಾರ್ಥಿಗಳಿಗೂ ಆಗುತ್ತಿರಲಿಲ್ಲ. 1355ರ ಫೆಬ್ರವರಿ 10ರಂದು ಆಕ್ಸ್‌ಫರ್ಡಿನ ಒಂದು ಹೆಂಡದಂಗಡಿಯಲ್ಲಿ ವೈನ್ ಚೆನ್ನಾಗಿಲ್ಲ ಅಂತ ಕೆಲವು ವಿದ್ಯಾರ್ಥಿಗಳು ಜಗಳ ತೆಗೆದರು. ಅದು ಮೂರು ದಿನದ ದೊಂಬಿಯಾಯಿತು. ವಿದ್ಯಾರ್ಥಿಗಳ ಕಡೆ 63 ಜನ, ಊರಿನವರ ಕಡೆ ಸುಮಾರು 30 ಜನ ಸತ್ತರು ಅಂತ ಹಿಂದಿನಿಂದ ಬಂದ ಲೆಕ್ಕ. ತಪ್ಪು ಕಾಣಿಕೆಯಾಗಿ ಊರಿನ ಮೇಯರ್ ಪ್ರತಿ ವರ್ಷ ಚರ್ಚಿಗೆ ಬಂದು ಒಂದೊಂದು ಪೆನ್ನಿಯ ಲೆಕ್ಕದಲ್ಲಿ ದಂಡ ಕಟ್ಟಿಸಬೇಕಿತ್ತು. ಈ ಪದ್ಧತಿ 1825ರವರೆಗೆ ನಡೆಯಿತು. ಸುಮಾರು 470 ವರ್ಷ! ಒಂದು ಜಗಳದ ನೆನಪನ್ನು ಅಷ್ಟು ದಿನ ಎಳೆದಿದ್ದು ಊರಿಗೆ ಅನ್ಯಾಯ ಅಂತಲೇ ನನಗೆ ಅನಿಸುತ್ತದೆ.

ದೊಂಬಿಯ ಹೊತ್ತಿಗೆ ಹೆಚ್ಚಿನ ವಿದ್ಯಾರ್ಥಿಗಳು ಊರೊಳಗಿನ ಬಾಡಿಗೆ ಮನೆಗಳಲ್ಲಿದ್ದರು. ಅದಾಗಿ 24 ವರ್ಷಕ್ಕೆ, 1379ರಲ್ಲಿ, ವಿಂಚೆಸ್ಟರಿನ ಬಿಷಪ್ ವಿಲಿಯಂ ಆಫ್ ವಿಕೆಹ್ಯಾಂ ನ್ಯೂ ಕಾಲೇಜ್ ಸ್ಥಾಪಿಸಿದರು. ಅದರ ಒಂದು ಬದಿಗೆ ಊರಿನ ಕೋಟೆ ಗೋಡೆಯೇ ಇದೆ. ಆ ಗೋಡೆಯನ್ನು ಸುಸ್ಥಿತಿಯಲ್ಲಿಡುತ್ತೇವೆ ಅಂತ ಒಪ್ಪಿಕೊಂಡೇ ಜಾಗ ಪಡೆದದ್ದು. ಇವತ್ತಿಗೂ ಮೂರು ವರ್ಷಕ್ಕೊಮ್ಮೆ ಮೇಯರ್ ಬಂದು ಗೋಡೆ ನೋಡಿಕೊಂಡು ಹೋಗುತ್ತಾರೆ. ಕಾಲೇಜಿನ ಮುಖ್ಯಸ್ಥರ ಮನೆಯನ್ನು ಸರಿಯಾಗಿ ಹೆಬ್ಬಾಗಿಲಿನ ಮೇಲೇ ಕಟ್ಟಿದರು. ಯಾರು ಬಂದರು, ಯಾರು ಹೋದರು ಅಂತ ಮೇಲಿನಿಂದಲೇ ಕಾಣಬೇಕು. ಅವರ ಕೆಳಗೆ, ಬಾಗಿಲಲ್ಲಿ, ಪೋರ್ಟರ್.

ಆಗಿನ ಪೋರ್ಟರ್‌ಗೆ ಇನ್ನೊಂದು ಕಸುಬೂ ಇರುತ್ತಿತ್ತು. ಹಳೆಯ ಕೆಲವು ಕಾಲೇಜುಗಳಲ್ಲಿ ಬಾಗಿಲು ಕಾಯುವವನೇ ಕ್ಷೌರವನ್ನೂ ಮಾಡಬೇಕಿತ್ತು. ಓದುವವರೆಲ್ಲ ಪಾದ್ರಿಗಳ ಸಾಲಿಗೆ ಸೇರಿದವರು, ತಲೆ ಗಡ್ಡ ನೀಟಾಗಿರಬೇಕು. ಅದಕ್ಕಾಗಿ ಇನ್ನೊಬ್ಬರಿಗೆ ಸಂಬಳ ಯಾಕೆ?

ಬಾಗಿಲು ಮುಚ್ಚುವ ಹೊತ್ತಿಗೂ ಒಂದು ಕಥೆಯಿದೆ. ಕ್ರೈಸ್ಟ್ ಚರ್ಚ್ ಕಾಲೇಜಿನ ಹೆಬ್ಬಾಗಿಲ ಮೇಲೆ ವಾಸ್ತುಶಿಲ್ಪಿ ಕ್ರಿಸ್ಟೊಫರ್ ರೆನ್ 1680ರ ದಶಕದ ಆರಂಭದಲ್ಲಿ ಕಟ್ಟಿದ ಗೋಪುರವಿದೆ. ಅದರೊಳಗೆ ಗ್ರೇಟ್ ಟಾಮ್ ಅನ್ನುವ 6 ಟನ್ನಿಗೂ ಜಾಸ್ತಿ ತೂಕದ ಗಂಟೆ. ಈಗಲೂ ದಿನಾ ರಾತ್ರಿ 9 ಗಂಟೆ 5 ನಿಮಿಷಕ್ಕೆ ಅದು 101 ಸಲ ಹೊಡೆಯುತ್ತದೆ. ಕಾಲೇಜು ಶುರುವಾದಾಗ 100 ವಿದ್ಯಾರ್ಥಿಗಳು, ಹದಿನೇಳನೇ ಶತಮಾನದಲ್ಲಿ ಇನ್ನೊಬ್ಬರು ಸೇರಿದರು, ಹಾಗಾಗಿ 101. ಐದು ನಿಮಿಷ ತಡ ಯಾಕೆ ಅಂದರೆ ಆಕ್ಸ್‌ಫರ್ಡ್ ಗ್ರೀನಿಚ್‌ಗಿಂತ ಪಶ್ಚಿಮಕ್ಕಿದೆ, ಸೂರ್ಯನ ಲೆಕ್ಕದಲ್ಲಿ ಐದು ನಿಮಿಷ ಹಿಂದೆ. ದೇಶಕ್ಕೆಲ್ಲ ಒಂದೇ ಗಡಿಯಾರ ಅಂತ 1880ರಲ್ಲಿ ಕಾನೂನು ಬಂದರೂ ಗಂಟೆ ಮಾತ್ರ ತನ್ನ ಹಳೆಯ ಒಂಬತ್ತನ್ನೇ ಹಿಡಿದಿದೆ. ಹಿಂದೆ ಆ ಗಂಟೆ ಹೊಡೆದರೆ ಊರಿನ ಕಾಲೇಜುಗಳೆಲ್ಲ ಬಾಗಿಲು ಹಾಕಬೇಕಿತ್ತು.

ಆಮೇಲೆ ಬಂದವರು ಬಾಗಿಲು ತಟ್ಟಬೇಕಿತ್ತು. ಪೋರ್ಟರ್ ದಿಡ್ಡಿ ಬಾಗಿಲು ತೆಗೆದು ಹೆಸರು ಬರೆದುಕೊಳ್ಳುತ್ತಿದ್ದರು. ಹೊತ್ತು ಏರಿದ ಹಾಗೆ ದಂಡವೂ ಏರುತ್ತಿತ್ತು. ನಡುರಾತ್ರಿ ದಾಟಿದರೆ ಶಿಸ್ತು ನೋಡುವ ಡೀನ್ ಮುಂದೆ ನಿಲ್ಲಬೇಕು. ಜಾಸ್ತಿ ತಪ್ಪು ಮಾಡಿದವರಿಗೆ ಸಂಜೆ ಮೇಲೆ ಹೊರಗೆ ಕಾಲಿಡದ ಶಿಕ್ಷೆ. ಹಾಗಾಗಿ ಹುಡುಗರು ಗೋಡೆ ಹತ್ತುತ್ತಿದ್ದರು. ಯಾವ ಕಿಟಕಿಯ ಸರಳು ಸಡಿಲ, ಯಾವ ಮೂಲೆಯಲ್ಲಿ ಮುಳ್ಳುಕಂಬಿಯಿಲ್ಲ ಅನ್ನುವುದು ಸೀನಿಯರುಗಳಿಂದ ಜೂನಿಯರುಗಳಿಗೆ ಬರುತ್ತಿದ್ದ ವಿದ್ಯೆ. ಬೀದಿಯಲ್ಲಿ ಯೂನಿವರ್ಸಿಟಿಯದೇ ಪೊಲೀಸರು ತಿರುಗುತ್ತಿದ್ದರು. ಗುಂಡು ಹ್ಯಾಟಿನ ಈ ಪಡೆಯನ್ನು ಹುಡುಗರು ಬುಲ್‌ಡಾಗ್ ಅಂತ ಕರೆಯುತ್ತಿದ್ದರು. 2003ರಲ್ಲಷ್ಟೇ ಅದನ್ನು ನಿಲ್ಲಿಸಿದರು.

ನಮ್ಮ ಗಿರೀಶ ಕಾರ್ನಾಡರು ರೋಡ್ಸ್ ಸ್ಕಾಲರ್‌ಶಿಪ್ ಮೇಲೆ 1960ರಲ್ಲಿ ಆಕ್ಸ್‌ಫರ್ಡಿಗೆ ಹೋದರಲ್ಲ, ಆಗಲೂ ರಾತ್ರಿ ಬಾಗಿಲಿನ ನಿಯಮ ಇತ್ತು. ಹುಡುಗಿಯರ ಕಾಲೇಜುಗಳಲ್ಲಿ ಇನ್ನೂ ಬಿಗಿ. ಇದು ಸಡಿಲವಾದದ್ದು ಅರವತ್ತರ ದಶಕದ ಕೊನೆಗೆ. 1970ರ ಜನವರಿ 1ರಿಂದ ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ವಯಸ್ಕರಾಗುವ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಅಲ್ಲಿಯವರೆಗೆ ಕಾಲೇಜು ತಂದೆ ತಾಯಿ ಜಾಗದಲ್ಲಿ ನಿಂತು ಗದರಬಹುದಿತ್ತು. ಇನ್ನು ಮೇಲೆ ಎದುರಿಗಿರುವವರು ವಯಸ್ಕರು. ಅವರ ಕೈಗೇ ಗೇಟಿನ ಕೀ ಬಂತು. 1974ರಲ್ಲಿ ಐದು ಗಂಡಸರ ಕಾಲೇಜುಗಳು ಹುಡುಗಿಯರಿಗೂ ಸೀಟು ಕೊಟ್ಟವು. ಪೋರ್ಟರ್ ಕೆಲಸ ಅಲ್ಲಿಂದಾಚೆಗೆ ತಡೆಯುವುದರಿಂದ ನೋಡಿಕೊಳ್ಳುವುದರ ಕಡೆಗೆ ತಿರುಗಿತು. ಈ ತಿರುವೇ ಇಡೀ ಚರಿತ್ರೆಯಲ್ಲಿ ನನಗೆ ಮುಖ್ಯ ಅನಿಸುವುದು. ಕೋಣೆ ಅದೇ, ಕೌಂಟರ್ ಅದೇ, ಕೂತವರ ಕೆಲಸದ ಅರ್ಥವೇ ಬದಲಾಯಿತು.

ದಿನದ ಆಡಳಿತದ ಉಳಿದ ಭಾಗವನ್ನು ಬೇಗ ಹೇಳಿಬಿಡುತ್ತೇನೆ. ಹಣ, ಆಸ್ತಿ ನೋಡುವವರು ಬರ್ಸರ್. ಓದಿನ ವ್ಯವಸ್ಥೆ ಸೀನಿಯರ್ ಟ್ಯೂಟರ್ ಕೈಯಲ್ಲಿ. ಕೋಣೆ ಗುಡಿಸಿ ಒರೆಸುವವರನ್ನು ಆಕ್ಸ್‌ಫರ್ಡಿನಲ್ಲಿ ಸ್ಕೌಟ್ ಅನ್ನುತ್ತಾರೆ, ಕೇಂಬ್ರಿಡ್ಜಿನಲ್ಲಿ ಬೆಡ್ಡರ್. ಟರ್ಮಿಗೊಮ್ಮೆ ಬರುವ ಬಿಲ್ಲಿಗೆ ಬ್ಯಾಟಲ್ಸ್ ಅಂತ ಹೆಸರು. ಮೊದಲು ಅದು ಬ್ರೆಡ್ಡು, ಬಿಯರಿನ ಲೆಕ್ಕವಾಗಿತ್ತು, ಈಗ ಕೋಣೆ ಬಾಡಿಗೆಯೂ ಸೇರಿದೆ. ಈ ಊಟದ ಲೆಕ್ಕದ ಪುಸ್ತಕಗಳು ಇತಿಹಾಸಕಾರರಿಗೆ ದೊಡ್ಡ ನಿಧಿ. ನಾಟಕಕಾರ ಕ್ರಿಸ್ಟೊಫರ್ ಮಾರ್ಲೊ 1580ರ ದಶಕದಲ್ಲಿ ಕೇಂಬ್ರಿಡ್ಜಿನ ಕಾರ್ಪಸ್ ಕ್ರಿಸ್ಟಿ ಕಾಲೇಜಿನಲ್ಲಿದ್ದರು. ಯಾವ ವಾರ ಅವರು ಕಾಲೇಜಿನಲ್ಲಿರಲಿಲ್ಲ, ವಾಪಸ್ ಬಂದ ಮೇಲೆ ಎಷ್ಟು ಕೈ ಬಿಚ್ಚಿ ಖರ್ಚು ಮಾಡಿದರು ಅನ್ನುವುದು ಇಂಥ ಪುಸ್ತಕದಿಂದಲೇ ತಿಳಿದುಬಂದಿದ್ದು. ಯಾರೋ ಒಬ್ಬ ಗುಮಾಸ್ತ ದಿನದ ಬ್ರೆಡ್ಡಿನ ಲೆಕ್ಕ ಸರಿಯಾಗಿ ಬರೆದಿಟ್ಟ ಅಂತ ನಮಗಿದು ಸಿಕ್ಕಿತು.

ಈಗ ನಿಮ್ಮ ಮಗಳ ವಿಷಯಕ್ಕೆ ಬರೋಣ. ಬಹಳಷ್ಟು ಕಾಲೇಜುಗಳಲ್ಲಿ ಲಾಡ್ಜ್ ಹಗಲೂ ರಾತ್ರಿ ತೆರೆದಿರುತ್ತದೆ, ಪೋರ್ಟರುಗಳು ಪಾಳಿ ಮೇಲೆ ಕೂರುತ್ತಾರೆ. ಮೇಲೆ ಹೆಡ್ ಪೋರ್ಟರ್. ಹಿಂದೆ ಸೈನ್ಯ, ಪೊಲೀಸಿನಿಂದ ನಿವೃತ್ತರಾದ ಗಂಡಸರೇ ಜಾಸ್ತಿ, ಈಗ ಹೆಂಗಸರೂ ಇದ್ದಾರೆ. ಕೌಂಟರಿನ ಹಿಂದೆ ಕೀಗಳು, ಹತ್ತಿರದಲ್ಲೇ ಹೆಸರು ಅಂಟಿಸಿದ ಗೂಡುಗಳ ಸಾಲು. ಟಪಾಲು ಬರುವುದು ಆ ಗೂಡಿಗೆ. ಅದನ್ನು ಪಿಜ್ ಅನ್ನುತ್ತಾರೆ, ಈ ಪದ ಅವಳು ಮೊದಲ ದಿನವೇ ಕಲಿಯುತ್ತಾಳೆ. ಕಾಗದ ಕಮ್ಮಿಯಾಗಿ ಈಗ ಕೊರಿಯರ್ ಡಬ್ಬಿಗಳೇ ರಾಶಿ ಬೀಳುತ್ತವೆ. ನೀವು ಚಟ್ನಿಪುಡಿ ಕಳಿಸಿದರೂ ಅಲ್ಲಿಗೇ ಹೋಗುವುದು.

ಕೀ ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡರೆ, ನಲ್ಲಿ ಸೋರಿದರೆ, ರಾತ್ರಿ ಎರಡಕ್ಕೆ ಪಕ್ಕದ ಕೋಣೆಯವರು ಪಾರ್ಟಿ ಮಾಡುತ್ತಿದ್ದರೆ ಹೇಳಬೇಕಾದ್ದು ಲಾಡ್ಜಿಗೆ. ಟೋಸ್ಟ್ ಸೀದು ಬೆಂಕಿಯ ಅಲಾರಂ ಹೊಡೆದರೂ ಓಡಿ ಬರುವವರು ಅವರೇ. ಹುಷಾರಿಲ್ಲದೆ ಆಂಬ್ಯುಲೆನ್ಸ್ ಕರೆಸಿದರೆ ಲಾಡ್ಜಿಗೂ ಒಂದು ಮಾತು ತಿಳಿಸಬೇಕು. ಹಳೆಯ ಕಟ್ಟಡಗಳಲ್ಲಿ ಕೋಣೆಗಳ ಗುರುತು ಉದ್ದ ಪಡಸಾಲೆಯ ಲೆಕ್ಕದಲ್ಲಿಲ್ಲ, ಇಂತಿಷ್ಟನೇ ಮೆಟ್ಟಿಲಸಾಲಿನ ಇಂತಿಷ್ಟನೇ ಕೋಣೆ ಅಂತ. ಹೊರಗಿನವರಿಗೆ ಹುಡುಕುವುದು ಕಷ್ಟ. ಪೋರ್ಟರ್ ಗೇಟಿನಲ್ಲಿ ನಿಂತು ಆಂಬ್ಯುಲೆನ್ಸಿನವರನ್ನು ನೇರ ಕರೆದುಕೊಂಡು ಬರುತ್ತಾರೆ.

ಒಂದು ವಿಷಯ ನಿಮಗಾಗಿ. ಮಗಳು ಎಷ್ಟು ಗಂಟೆಗೆ ಬಂದಳು, ಕೋಣೆಯಲ್ಲಿದ್ದಾಳಾ ಅಂತ ಫೋನ್ ಮಾಡಿ ಕೇಳಿದರೆ ಲಾಡ್ಜಿನವರು ಹೇಳುವುದಿಲ್ಲ. ಹದಿನೆಂಟು ದಾಟಿದವರ ವಿಷಯ ತಂದೆ ತಾಯಿಗೂ ಹಾಗೆಲ್ಲ ಹೇಳುವಂತಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಆದರೆ ಎರಡು ದಿನದಿಂದ ಫೋನ್ ಎತ್ತುತ್ತಿಲ್ಲ, ಗಾಬರಿಯಾಗಿದೆ ಅಂತ ಹೇಳಿದರೆ ಸುಮ್ನೆ ಕೂರುವುದಿಲ್ಲ. ಹೋಗಿ ಬಾಗಿಲು ತಟ್ಟಿ ನೋಡುತ್ತಾರೆ, ಮನೆಗೆ ಫೋನ್ ಮಾಡಲು ಅವಳಿಗೆ ಹೇಳುತ್ತಾರೆ. ಲಾಡ್ಜಿನ ನಂಬರ್ ಕಾಲೇಜಿನ ಪತ್ರದಲ್ಲೇ ಇರುತ್ತದೆ. ಅವಳು ವಿಮಾನ ಹತ್ತುವ ಮೊದಲೇ ಇಬ್ಬರೂ ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ.