ಕಪ್ಪುಹಣ ದೇಶ ಬಿಡುವುದು ಬಿಲ್ಲಿನ ಮೂಲಕ

ತೆರಿಗೆ ಇಲ್ಲದ ಅಥವಾ ತೀರಾ ಕಡಿಮೆ ಇರುವ ದೇಶಗಳಿಗೆ ಹೇಳುವ ‘ತೆರಿಗೆ ಸ್ವರ್ಗ’ ಎಂಬ ಮಾತೇ ತಪ್ಪು ಅನುವಾದ. ಇಂಗ್ಲಿಷಿನ ಮೂಲಪದ ‘ಹೆವನ್’ (ಸ್ವರ್ಗ) ಅಲ್ಲ, ‘ಹೇವನ್’; ಅದಕ್ಕೆ ಹಡಗು ತಂಗುವ ಆಸರೆ ಎಂದರ್ಥ. ಪದದ ಜೊತೆಗೇ ತಪ್ಪು ಚಿತ್ರವೂ ತಲೆಯಲ್ಲಿ ಕೂತಿದೆ: ದೂರದ ಬ್ಯಾಂಕು, ತಿಜೋರಿ, ನೋಟಿನ ಕಂತೆ. ನೈಜೀರಿಯಾದ ಸರ್ವಾಧಿಕಾರಿ ಸಾನಿ ಅಬಾಚಾ ಕೇಂದ್ರ ಬ್ಯಾಂಕಿನಿಂದಲೇ ಹಣ ದೋಚಿದ್ದು ನಿಜ. ಅದರಲ್ಲಿ ಸುಮಾರು 32 ಕೋಟಿ ಡಾಲರ್ ಮರಳಿಸಲು ಸ್ವಿಟ್ಜರ್ಲೆಂಡ್ ಒಪ್ಪಿದ್ದು 2017ರಲ್ಲಿ. ಆದರೆ ಅದು ಕಟ್ಟೆ ಒಡೆದ ಕೆರೆ, ಎಲ್ಲರಿಗೂ ಕಾಣುತ್ತದೆ. ಹೆಚ್ಚು ನೀರು ಸೋರುವುದು ತಳದ ಇಲಿಬಿಲದಲ್ಲಿ. ಆ ಬಿಲ ಸರಕಿನ ಬಿಲ್ಲು.

ಲೆಕ್ಕ ಹಾಕಿ ನೋಡೋಣ. ಒಂದು ಬಡ ದೇಶದ ಗಣಿಯಲ್ಲಿ ಟನ್ ತಾಮ್ರ ತೆಗೆಯಲು 5,000 ಡಾಲರ್ ಖರ್ಚು, ಮಾರುಕಟ್ಟೆ ಬೆಲೆ 8,000. ತೆರಿಗೆ ಶೇ. 30 ಆದರೆ ಸರ್ಕಾರಕ್ಕೆ 900 ಡಾಲರ್ ಬರಬೇಕು. ಗಣಿ ಕಂಪನಿ ಅದೇ ತಾಮ್ರವನ್ನು ತೆರಿಗೆಯಿಲ್ಲದ ದ್ವೀಪದಲ್ಲಿರುವ ತನ್ನದೇ ಸೋದರ ಕಂಪನಿಗೆ 5,200ಕ್ಕೆ ಬಿಲ್ ಮಾಡುತ್ತದೆ. ಎಡಗೈ ಮಾರಿದ್ದನ್ನು ಬಲಗೈ ಕೊಂಡಂತೆ. ಹಡಗು ನೇರ ಗಿರಾಕಿಯ ಬಂದರಿಗೆ ಹೋಗುತ್ತದೆ, ದ್ವೀಪ ಮುಟ್ಟುವುದು ಕಾಗದ ಮಾತ್ರ. ಉಳಿದ 2,800 ಡಾಲರ್ ಲಾಭ ಅಲ್ಲೇ ನಿಲ್ಲುತ್ತದೆ. ಗಣಿಯಿರುವ ದೇಶಕ್ಕೆ ಸಿಗುವುದು 60 ಡಾಲರ್. ವರ್ಷಕ್ಕೆ ಲಕ್ಷ ಟನ್ ಎಂದರೆ ನಷ್ಟ 8.4 ಕೋಟಿ ಡಾಲರ್.

ಲಂಚದ ಹಣಕ್ಕೂ ಇದೇ ದಾರಿ, ದಿಕ್ಕು ಮಾತ್ರ ತಿರುಗುಮುರುಗು. ಹತ್ತು ಲಕ್ಷದ ಯಂತ್ರ ಆಮದಿಗೆ ಮೂವತ್ತು ಲಕ್ಷದ ಬಿಲ್. ಹೆಚ್ಚುವರಿ ಇಪ್ಪತ್ತು ಲಕ್ಷ ಕಾಗದದಲ್ಲಷ್ಟೇ ಇರುವ ಬೇನಾಮಿ ಶೆಲ್ ಕಂಪನಿ ಸೇರಿ, ಎರಡು ಮೂರು ದೇಶಗಳ ಖಾತೆ ಸುತ್ತಿ, ‘ವಿದೇಶಿ ಸಾಲ’ವಾಗಿ ಮನೆಗೆ ಮರಳುತ್ತದೆ. ಆ ಸಾಲದ ಬಡ್ಡಿಯನ್ನೂ ಖರ್ಚೆಂದು ತೋರಿಸಿ ಮತ್ತೆ ತೆರಿಗೆ ಉಳಿಸುತ್ತಾರೆ!

ದಕ್ಷಿಣ ಆಫ್ರಿಕಾದ ಮಾಜಿ ಅಧ್ಯಕ್ಷ ಥಾಬೊ ಎಂಬೆಕಿ ನೇತೃತ್ವದ ಸಮಿತಿ 2015ರಲ್ಲಿ ಹೇಳಿದಂತೆ, ಆಫ್ರಿಕಾ ಹೀಗೆ ಕಳೆದುಕೊಳ್ಳುವುದು ವರ್ಷಕ್ಕೆ 5,000 ಕೋಟಿ ಡಾಲರಿಗೂ ಹೆಚ್ಚು. ದೊಡ್ಡ ಪಾಲು ಹೋಗುವುದು ವಾಣಿಜ್ಯ ವ್ಯವಹಾರದಲ್ಲೇ. ಶ್ರೀಮಂತ ದೇಶಗಳಿಗೂ ಈ ಪೆಟ್ಟು ಬೀಳುತ್ತದೆ, ಆದರೆ ಅವಕ್ಕೆ ಸಂಬಳದಾರರ ತೆರಿಗೆಯ ಆಧಾರವಿದೆ. ಬಡ ದೇಶದ ಬೊಕ್ಕಸ ಬೆರಳೆಣಿಕೆಯ ದೊಡ್ಡ ಕಂಪನಿಗಳ ತೆರಿಗೆಯನ್ನು ಹೆಚ್ಚು ನೆಚ್ಚಿಕೊಂಡಿರುತ್ತದೆ.

ಮದ್ದು ಇಲ್ಲವೆಂದಲ್ಲ. ಅರ್ಜೆಂಟೀನಾ 2003ರಲ್ಲಿ, ಮಧ್ಯವರ್ತಿಯ ಮೂಲಕ ಸರಕು ಹೋದರೆ ಬಿಲ್ಲಿನ ಬೆಲೆ ಬಿಟ್ಟು ಹಡಗಿಗೆ ತುಂಬಿದ ದಿನದ ಮಾರುಕಟ್ಟೆ ದರಕ್ಕೇ ತೆರಿಗೆ ಲೆಕ್ಕ ಹಾಕುವ ನಿಯಮ ತಂದಿತು. ತಾಮ್ರ, ಸೋಯಾದಂಥ ಸರಕಿಗೆ ಇದು ಸರಿ, ದಿನದ ದರ ಪ್ರಕಟವಾಗುತ್ತದೆ. ‘ಬ್ರಾಂಡ್ ಬಳಕೆ ಶುಲ್ಕ’, ‘ನಿರ್ವಹಣಾ ಸಲಹಾ ಶುಲ್ಕ’ಗಳಿಗೆ ಅಂಥ ದರಪಟ್ಟಿಯೇ ಇಲ್ಲ. ಹಾಗಾಗಿ ಲಾಭ ಈಗ ಹೆಚ್ಚೆಚ್ಚು ಆ ಹೆಸರಿನಲ್ಲೇ ಗಡಿ ದಾಟುತ್ತಿದೆ.